ಅಕ್ಕನ ಮಾಸಾಶನ ಮತ್ತು ನನ್ನ ರಾಜಕಾರಣ

ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಹಾಸ್ಯಪಾತ್ರ ಮಾಡಿದೆ. ಆಗ ಜನ ನಗದಿದ್ದರೆ ಮಾಲೀಕರು ಬೈಯುತ್ತಿದ್ದರು. ರಾಜಕೀಯಕ್ಕೆ ಬಂದ ಮೇಲೆ ನಾನು ಬಾಯಿ ತೆರೆಯುವುದೇ ತಡ, ನಗುತ್ತಾರೆ. ಹೊಟ್ಟೆ ಉರಿಯುತ್ತದೆ. ಆದರೂ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟಿಲ್ಲ.

ನಾನು ಈ ಕೆಸರಿಗೆ ಇಳಿದದ್ದು ಒಬ್ಬಳಿಗಾಗಿ. ಕಂಪನಿಯಲ್ಲಿ ನನ್ನ ಹೆಂಡತಿಯ ಪಾರ್ಟು ಮಾಡುತ್ತಿದ್ದವಳು. ರಂಗದಿಂದ ಇಳಿದರೆ ನನಗೆ ಅಕ್ಕ. ಈಗ ಮೂಡಲಗಿಯಲ್ಲಿ ಒಬ್ಬಳೇ ಇದ್ದಾಳೆ, ಮೊಣಕಾಲು ಹೋಗಿವೆ. ಕಲಾವಿದರ ಮಾಸಾಶನಕ್ಕೆ ಹಾಕಿದ ಅರ್ಜಿ ಎಲ್ಲೋ ಕೊಳೆಯುತ್ತಿತ್ತು. "ನಮ್ಮ ಪಕ್ಷಕ್ಕ ಬಾ, ಒಂದ ವಾರದಾಗ ಮಾಡಿಸಿ ಕೊಡ್ತೀನಿ" ಎಂದರು ಒಬ್ಬ ಮುಖಂಡರು. ನಂಬಿದೆ.

ಗೋಕಾಕದ ಸಭೆ

ಮುಖಂಡರು ಬರುವವರೆಗೆ ಜನ ಎದ್ದು ಹೋಗದಂತೆ ಹಿಡಿದಿಡುವುದು ನನ್ನ ಕೆಲಸ. ಒಂದು ತಾಸು ನಗಿಸಿದೆ. ಅವರ ಕಾರು ಬಂದು ನಿಂತದ್ದು ಕಂಡಿತು. ಇದೇ ಹೊತ್ತೆಂದು ಅಕ್ಕನ ಸಂಕಟ ಹೇಳತೊಡಗಿದೆ. "ಗುಳಗಿ ತಗೊಳ್ಳಾಕೂ ಆಕಿ ಹತ್ರ ರೊಕ್ಕ ಇಲ್ರಿ" ಅಂದು ಟವೆಲ್ಲಿನಿಂದ ಕಣ್ಣೊರೆಸಿಕೊಂಡೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವೇದಿಕೆಗೆ ಬಂದ ಮುಖಂಡರು ನನ್ನ ಬೆನ್ನು ತಟ್ಟಿದರು.

"ಆ ಮುದುಕಿ ಜೋಕ ಭಾರಿ ಐತಿ. ಮುಂದಿನ ಊರಾಗೂ ಅದನ್ನ ಹೊಡಿ."

ಹುಕ್ಕೇರಿಯ ಒಂದು ವೋಟು

ಮುಖಂಡರು ಚುನಾವಣೆಯಲ್ಲಿ ಗೆದ್ದರು, ಅಕ್ಕನ ಕೆಲಸ ಆಗಲಿಲ್ಲ. "ನೀನೂ ಮೆಂಬರ್ ಆಗು, ಆಫೀಸಿನ್ಯಾಗ ನಿನ್ನ ಮಾತು ನಡೀತೈತಿ" ಎಂದರು. ನಮ್ಮೂರು ಹುಕ್ಕೇರಿಯಲ್ಲಿ ಪುರಸಭೆಗೆ ನಿಂತೆ. ಕಿರಾಣಿ ಅಂಗಡಿಯ ಜೈನರ ಅಜ್ಜಿಯೊಬ್ಬರಿಗೆ ಕೈಮುಗಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ನಿನಗ ವೋಟ್ ಹಾಕೂದಿಲ್ಲಪಾ. ಹೆಂಡ್ತೀನ ಮನಿಯಿಂದ ಹೊರಗ ಹಾಕಿದವ ನೀ."

"ಅದು ನಾಟಕರಿ ಆಯಿ!"

"ಹಂಗಾರ ಈಗ ಕೈ ಮುಗಿಯಾಕತ್ತೀಯಲ್ಲ, ಇದೇನು?"

ಸಾಹೇಬರ ಮುಂದೆ

ಹೇಗೋ ಗೆದ್ದೆ. ಮೆಂಬರ್ ಅನ್ನುವ ಜಂಬದಿಂದ ಅಕ್ಕನನ್ನು ಮಾಸಾಶನ ಮಂಜೂರು ಮಾಡುವ ಕಚೇರಿಗೆ ಕರೆದೊಯ್ದೆ. ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಸಾಹೇಬರು ಅರ್ಜಿಯ ಜೊತೆಗಿದ್ದ ಅವಳ ಹಳೆಯ ನಾಟಕದ ಫೋಟೊ ನೋಡಿ, "ಬಣ್ಣ ಹಚ್ಚಿದ ಮಾರಿ ಇದು. ಇವರೇ ಅಂತ ಹೆಂಗ ನಂಬೂದು?" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಅಕ್ಕಾ, ಒಂದ ಸೀನ್ ಮಾಡಿ ತೋರಿಸು ಇವ್ರಿಗೆ" ಎಂದೆ. ಅವಳಿಗೆ ನಾನು ಮಾಡಿದ ಅನ್ಯಾಯ ಅದೇ.

ಅಕ್ಕ ಮೊಣಕಾಲಿನ ನೋವು ನುಂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೇಬಲ್ಲುಗಳ ನಡುವೆ ಗಿರ್ರನೆ ತಿರುಗಿ ಹಾಡಿದಳು. ಸಿಬ್ಬಂದಿ ಮೊಬೈಲ್ ಹಿಡಿದು "ಒನ್ಸ್ ಮೋರ್" ಎಂದು ಕೂಗಿದರು. ಒನ್ಸ್ ಮೋರ್ ಅಂದರೆ ಕಂಪನಿಯವರು ಪ್ರಾಣ ಹೋದರೂ ಇಲ್ಲ ಅನ್ನುವುದಿಲ್ಲ. ಮೂರು ಸಲ ಕುಣಿದಳು. ನಾನೊಬ್ಬ ಮೂರ್ಖ, ಪಕ್ಕದಲ್ಲಿ ನಿಂತು ತಾಳ ಹಾಕಿದೆ.

ಸಾಹೇಬರು ಚಪ್ಪಾಳೆ ತಟ್ಟಿ, ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು.

"ಕಲಾವಿದ್ರು ಖರೆ. ಆದರ ಅರ್ಜಿಯೊಳಗ ದುಡಿಯಾಕ ಶಕ್ತಿ ಇಲ್ಲ ಅಂತ ಬರದೀರಿ. ಇಷ್ಟು ಕುಣಿಯಾವ್ರಿಗೆ ನಾ ಹೆಂಗ ಸಹಿ ಮಾಡ್ಲಿ?"

ಅಕ್ಕ ಗೋಡೆ ಹಿಡಿದು ಏದುಸಿರು ಬಿಡುತ್ತಲೇ ಅಂದಳು.

"ಸಾಯೂ ಸೀನೂ ಬರ್ತೈತ್ರಿ ಸಾಹೇಬ್ರ. ಮಾಡಿ ತೋರಸ್ಲೇನು?"

ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು. ಒಬ್ಬ ಗುಮಾಸ್ತ ಮಾತ್ರ ನಗಲಿಲ್ಲ. ಮೊಬೈಲ್ ಎತ್ತಿ ಹಿಡಿದು ಆ ಸೀನಿಗಾಗಿ ಕಾಯುತ್ತಿದ್ದ.