ಮಹಾಬಲೇಶ್ವರನ ಕಾರು ಮನೆ ಎಳೆದದ್ದು

ಮಾರ್ಚ್ ಮುಗಿಯುತ್ತಾ ಬಂದಿತ್ತು. ರಸ್ತೆಯ ಬದಿಯಲ್ಲಿ ನೀಲಿ ಹೂಗಳು ಅರಳಿದ್ದವು. ಟೆಕ್ಸಸ್ಸಿನ ಫ್ಲೂಗರ್‌ವಿಲ್ಲಿನ ಕರಿಮಣ್ಣು ಇನ್ನೂ ಗುದ್ದಲಿಗೆ ಬಗ್ಗುವಷ್ಟು ಹದವಾಗಿತ್ತು. ಇನ್ನೆರಡು ತಿಂಗಳು ಕಳೆದರೆ ಅದು ಬಿರುಕು ಬಿಟ್ಟು ಇಟ್ಟಿಗೆಯಾಗುತ್ತದೆಂದು ತಿಳಿದಿದ್ದ ಮಹಾಬಲೇಶ್ವರ, ಶನಿವಾರ ಬೆಳಗಾಗುತ್ತಲೇ ಹಿತ್ತಿಲಿಗಿಳಿದು ಬೆಂಡೆಗೆ ಪಾತಿ ಮಾಡುತ್ತಿದ್ದ. ಅರ್ಧ ಪಾತಿ ಆಗಿತ್ತು, ಅಷ್ಟರಲ್ಲಿ ಅವನ ಹೆಂಡತಿ ನಳಿನಿ ವಿಮಾನದ ಟಿಕೆಟ್ಟಿನ ಪ್ರಿಂಟ್ ಹಿಡಿದು ಬಂದಳು.

“ರೀ, ಅಪ್ಪ ಅಮ್ಮ ಬರೋ ಶುಕ್ರವಾರ ಬರ್ತಿದಾರೆ. ಗ್ರ್ಯಾಂಡ್ ಕ್ಯಾನಿಯನ್‌ಗೆ ಕರ್ಕೊಂಡ್ ಹೋಗ್ತೀವಿ ಅಂತ ಹೇಳಿಯಾಗಿದೆ. ಮಕ್ಕಳು ಸೇರಿ ನಾವು ಆರು ಜನ. ನಿಮ್ಮ ಕಾರಿಗೆ ಐದು ಸೀಟು. ಇದನ್ನ ಕೊಟ್ಟು ವ್ಯಾನ್ ತಗೊಳ್ಳೋಣ.”

ಮಹಾಬಲೇಶ್ವರನ ಕೈಯಲ್ಲಿ ಗುದ್ದಲಿ ನಿಂತಿತು. ಎಂಟು ತಿಂಗಳು ಹೆಸರು ಬರೆಸಿ ಕಾದು ತಂದ, ಬ್ಯಾಟರಿ ಪೆಟ್ರೋಲು ಎರಡರಲ್ಲೂ ಓಡುವ ಹೈಬ್ರಿಡ್ ಕಾರು ಅದು. ದಿನವೂ ಸಂಜೆ ಅದರ ಮೈ ಒರೆಸಿ, ಊರಿನಲ್ಲಿ ಹೋರಿಯ ಬೆನ್ನು ಸವರಿದ ಹಾಗೆ ಒಮ್ಮೆ ಸವರಿಯೇ ಅವನು ಊಟಕ್ಕೆ ಕೂರುತ್ತಿದ್ದುದು.

“ನಮ್ಮ ಇರಣ್ಣನ ಹತ್ರ ಕ್ಯಾರವಾನ್ ಇದೆಯಲ್ಲ, ಆ ಚಕ್ರದ ಮೇಲಿನ ಮನೆ, ಅದನ್ನ ಹಿಂದೆ ಕಟ್ಕೊಂಡ್ ಹೋದ್ರಾಯ್ತು,” ಅಂದ. “ಮಾವ ಅತ್ತೆ ಅದ್ರೊಳಗೆ ಹಾಸಿಗೆ ಹಾಸ್ಕೊಂಡು ಮಲಗಿಯೇ ಬರಬಹುದು. ಕಮಾನುಗಾಡಿ ಇದ್ದ ಹಾಗೆ.”

“ಆ ಮನೇನ ಈ ಕಾರು ಎಳಿಯುತ್ತಾ?”

“ಎಳಿಯುತ್ತೆ.”

“ಸರಿ. ಇವತ್ತು ಸಾಯಂಕಾಲದೊಳಗೆ ಎಳೆದು ತೋರಿಸಿ. ಆರು ಜನಕ್ಕೂ ಜಾಗ ಆದ್ರೆ ಕಾರು ಮನೇಲಿರುತ್ತೆ. ಆಗ್ಲಿಲ್ಲ ಅಂದ್ರೆ ಇವತ್ತೇ ವ್ಯಾನು.”

“ಮಾತು ಕೊಟ್ಟೆ,” ಎಂದ ಮಹಾಬಲೇಶ್ವರ, ಪಾತಿಯನ್ನು ಅಲ್ಲಿಗೇ ಬಿಟ್ಟು ಕಾರಿನ ಪುಸ್ತಕ ಹುಡುಕಲು ಹೋದ.

ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಪ್ರಹ್ಲಾದ ಪುಸ್ತಕದ ಮೇಲೆ ತಾನೂ ಬಗ್ಗಿದ. ಪಕ್ಕದೂರು ರೌಂಡ್ ರಾಕಿನ ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಕೆಲಸ. ರಜೆಯ ದಿನವೂ ಆ ಚಾಳಿ ಬಿಡುತ್ತಿರಲಿಲ್ಲ.

“ಗುರುವೇ, ಇದಕ್ಕೆ ಏನೂ ಕಟ್ಟಿ ಎಳೀಬೇಡಿ ಅಂತ ಬರ್ದಿದಾರಲ್ಲ!”

“ಶಿಫಾರಸು ಮಾಡಲ್ಲ ಅಂತ ಬರ್ದಿದಾರೆ. ಡಾಕ್ಟ್ರು ಉಪ್ಪಿನಕಾಯಿ ಬೇಡ ಅಂದ್ರು, ನೀನು ಬಿಟ್ಟಿದೀಯಾ?”

ಪ್ರಹ್ಲಾದ ಬಿಟ್ಟಿರಲಿಲ್ಲ. ಆದ್ದರಿಂದ ಪುಸ್ತಕ ಮುಚ್ಚಿಟ್ಟ.

ಕಾರು ಮಾರಿದವರಿಗೆ ಫೋನ್ ಮಾಡಿದ್ದಾಯಿತು. ಆ ಕಡೆಯವನು ಯಾವ ಕಾರು ಎಂದು ಮೂರು ಸಲ ಕೇಳಿ, ಒಂದಷ್ಟು ಹೊತ್ತು ನಕ್ಕು, ಆಮೇಲೆ ಬೇಡ ಎಂದ. “ನೀವು ಎಳೆದು ನೋಡಿದೀರಾ?” ಎಂದು ಮಹಾಬಲೇಶ್ವರ ಕೇಳಿದ. ಇಲ್ಲವೆಂದ. “ನೋಡ್ದೆಯಾ, ಆಗಲ್ಲ ಅಂತ ಅವರಿಗೂ ಗೊತ್ತಿಲ್ಲ,” ಎಂದು ಪ್ರಹ್ಲಾದನಿಗೆ ಹೇಳಿ ಫೋನಿಟ್ಟ.

ಇಬ್ಬರೂ ಕಾರು ಹತ್ತಿ ಎರಡು ಬೀದಿ ಆಚೆಯ ಇರಣ್ಣನ ಮನೆಗೆ ಹೋದರು. ಕ್ಯಾರವಾನು ಅವನ ಮನೆಯ ಮುಂದೆ ದೈತ್ಯ ಕೋಳಿ ಇಟ್ಟು ಮರೆತುಹೋದ ಮೊಟ್ಟೆಯ ಹಾಗೆ ಕೂತಿತ್ತು. ಇರಣ್ಣ ಕಾರನ್ನೂ ಮೊಟ್ಟೆಯನ್ನೂ ಎರಡೆರಡು ಸಲ ನೋಡಿದ.

“ಏನ್ರಿ ಸರ, ಕುರಿ ತಂದು ಆನಿಗೆ ಕಟ್ಟಂತೀರಲ್ರಿ? ಆಗಲಿ, ನೋಡೂಣು. ನನಗೂ ಮನ್ಯಾಗ ಕುಂತು ಬ್ಯಾಸರ ಬಂದದ.”

ಅಂಗಡಿಗೆ ಓಡಿ ಕೊಕ್ಕೆ ತಂದು, ಕಾರಿನಡಿ ಮಲಗಿ, ಅದನ್ನು ಕೂರಿಸಿ ಏಳುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಕೊಂಡಿ ಸಿಕ್ಕಿಸಿದ್ದೇ ಕಾರಿನ ಹಿಂಭಾಗ ಕುಸಿದು, ಮುಂಭಾಗ ಮೇಲೆದ್ದು, ಅದು ಆಕಾಶ ನೋಡುವ ಕತ್ತೆಯಂತಾಯಿತು. ಸಾಮಾನು ಹಿಂದಕ್ಕೆ ಮುಂದಕ್ಕೆ ಸರಿಸಿ ಭಾರ ಹೊಂದಿಸುವಷ್ಟರಲ್ಲಿ ಇನ್ನೊಂದು ಗಂಟೆ ಹೋಯಿತು.

ಆಗ ಇರಣ್ಣನ ತಾಯಿ ಸುಮಿತ್ರವ್ವ ಲಿಂಬೆಹಣ್ಣಿನ ತಟ್ಟೆ ಹಿಡಿದು ಬಂದರು.

“ತಡೀರಿ ತಮ್ಮಾ. ಪೂಜಿ ಇಲ್ಲದ ಗಾಡಿ ಎಬ್ಬಿಸ್ತಾರೇನು?”

“ಕಾರಿಗೆ ಪೂಜೆ ಆಗಿದೆ ಅವ್ವಾ.”

“ಇದಕ್ಕ?” ಎಂದು ಅವರು ಮೊಟ್ಟೆಯ ಕಡೆ ತೋರಿಸಿದರು. “ಒಳಗ ಒಲಿ ಅದ, ಹಾಸಿಗಿ ಅದ. ಇದು ಗಾಡಿ ಅಲ್ಲ, ಮನಿ. ಮನಿಗೆ ಹಾಲು ಉಕ್ಕಿಸಬೇಕು.”

“ಚಕ್ರ ಇದೆಯಲ್ಲ ಆಂಟಿ,” ಎಂದ ಪ್ರಹ್ಲಾದ. “ಚಕ್ರ ಇದ್ದ ಮೇಲೆ ನಿಂಬೆಹಣ್ಣೇ ಸರಿ.”

ವಾದ ಬಗೆಹರಿಯಲಿಲ್ಲ. ಕೊನೆಗೆ ಎರಡೂ ಆಯಿತು. ಒಳಗಿನ ಪುಟ್ಟ ಒಲೆಯ ಮೇಲೆ ಹಾಲು ಉಕ್ಕಿತು. ಎಲ್ಲರೂ ಒಂದೊಂದು ಗುಟುಕು ಕುಡಿದರು. ಒಲೆ ಆರಿಸಿ, ಆರು ಚಕ್ರಕ್ಕೂ ಲಿಂಬೆಹಣ್ಣು ಇಟ್ಟರು. ಸೂರ್ಯ ಇಳಿಯುತ್ತಿದ್ದ. ಎಳೆಯುವುದನ್ನು ನೋಡಲು ಬಂದಿದ್ದ ನಳಿನಿ ಕೈಗಡಿಯಾರ ನೋಡಿದಳು.

“ಖಾಲಿ ಎಳೆದ್ರೆ ಟೆಸ್ಟ್ ಅಲ್ಲ,” ಎಂದು ಪ್ರಹ್ಲಾದ ಇನ್ನೊಂದು ತಪ್ಪು ಹುಡುಕಿದ. “ನಿಮ್ಮ ಅಪ್ಪ ಅಮ್ಮನ ತೂಕ ಎಷ್ಟು ನಳಿನಿ?”

“ಅಮ್ಮನ ತೂಕ ಅಪ್ಪನಿಗೇ ಗೊತ್ತಿಲ್ಲ, ನಿಮಗ್ಯಾಕೆ?”

ಹಾಗಾಗಿ ಮಾವನ ಜಾಗದಲ್ಲಿ ಪ್ರಹ್ಲಾದನೇ ಹತ್ತಬೇಕಾಯಿತು. ಅತ್ತೆಯ ಜಾಗಕ್ಕೆ ಸುಮಿತ್ರವ್ವ ಯಾರೂ ಕರೆಯದೆಯೇ ಹತ್ತಿ, ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತರು. ನಳಿನಿ ಗಂಡನ ಪಕ್ಕ ಕೂತಳು. ಮಹಾಬಲೇಶ್ವರ ಗುಂಡಿ ಒತ್ತಿದ.

ಸದ್ದೇ ಇಲ್ಲ.

“ಚಾಲೂ ಮಾಡ್ರಿ ಸರ!” ಎಂದು ಇರಣ್ಣ ಕೂಗಿದ.

“ಚಾಲೂ ಆಗಿದೆ ಇರಣ್ಣ! ಬ್ಯಾಟರಿ ಮೇಲಿದೆ!”

“ಜೀವ ಐತೋ ಇಲ್ಲೋ ಅನ್ನೂದು ತಿಳಿಬೇಕಲ್ರಿ!”

ಆರು ಲಿಂಬೆಹಣ್ಣು ಪಟಪಟನೆ ಒಡೆದವು. ಮುಂದೆ ಏರು. ಬೀದಿಯ ಅರ್ಧಕ್ಕೆ ಎಂಜಿನ್ ಎಚ್ಚೆತ್ತು, ಸಂತೆಯಲ್ಲಿ ಮಗು ಕಳಕೊಂಡವಳ ಹಾಗೆ ಅರಚತೊಡಗಿತು. ಬ್ಯಾಟರಿಯ ಎಂಟು ಗೆರೆಗಳು ಐದಾದವು, ಮೂರಾದವು, ಒಂದಾಯಿತು. ಮಹಾಬಲೇಶ್ವರ ಎ.ಸಿ. ಆರಿಸಿದ, ರೇಡಿಯೋ ಆರಿಸಿದ, ಉಸಿರನ್ನೂ ಹಿಡಿದ. ಪಕ್ಕದಲ್ಲಿ ನಾಯಿ ತಿರುಗಾಡಿಸುತ್ತಿದ್ದ ಮುದುಕ ಅವರನ್ನು ದಾಟಿ ಮುಂದೆ ಹೋದ. ಆದರೆ ಚಕ್ರ ನಿಲ್ಲಲಿಲ್ಲ. ಇಂಚು ಇಂಚಾಗಿ ಮೊಟ್ಟೆ ಏರಿತು. ದಿಬ್ಬದ ತುದಿ ಮುಟ್ಟಿ ಚಪ್ಪಟೆ ರಸ್ತೆಗೆ ಬಂದಾಗ, ಜೊತೆಗೇ ನಡೆದು ಬಂದಿದ್ದ ಇರಣ್ಣ ಟೋಪಿ ಹಾರಿಸಿದ, ಮುದುಕ ನಾಯಿಯ ಹಗ್ಗ ಬಿಟ್ಟು ಚಪ್ಪಾಳೆ ತಟ್ಟಿದ.

“ಗೆದ್ದಿರಿ ಕಣ್ರೀ!” ಎಂದಳು ನಳಿನಿ. ಮದುವೆಯಾದ ಹನ್ನೊಂದು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮಹಾಬಲೇಶ್ವರ ಎಡಗೈ ಹೊರಗೆ ಚಾಚಿ, ದೊರೆಯ ಹಾಗೆ ಬೀದಿಗೆಲ್ಲ ಕೈ ಬೀಸಿದ. ಹಿಂದಿನ ಕಿಟಕಿಯಿಂದ ಸುಮಿತ್ರವ್ವನೂ ಬೀಸಿದರು. ಎದುರಿಗೆ ಬರುತ್ತಿದ್ದ ಪೊಲೀಸ್ ಕಾರಿಗೂ ಬೀಸಿದರು.

ಪೊಲೀಸ್ ಕಾರು ತಿರುಗಿ, ದೀಪ ಹಾಕಿಕೊಂಡು ಹಿಂದೆ ಬಂತು.

ಇಳಿದು ಬಂದ ಅಧಿಕಾರಿ ಮೊದಲು ಕಾರಿನ ಸುತ್ತ ಒಂದು ಸುತ್ತು ಹೊಡೆದ. “ಇದೇ ಎಳೆದದ್ದೇ?” ಎಂದು ಬೆರಗಾಗಿ ಕೇಳಿ, ಮಹಾಬಲೇಶ್ವರನ ಕೈ ಕುಲುಕಿದ. ಆಮೇಲೆ ಕ್ಯಾರವಾನಿನ ಬಾಗಿಲು ತಟ್ಟಿ, ದಿಂಬು ಸಮೇತ ಸುಮಿತ್ರವ್ವನನ್ನೂ ಅವರ ಹಿಂದೆ ಪ್ರಹ್ಲಾದನನ್ನೂ ಇಳಿಸಿದ. ಟೆಕ್ಸಸ್ಸಿನಲ್ಲಿ ಇಂಥದನ್ನು ಎಳೆಯುವಾಗ ಒಳಗೆ ಒಬ್ಬರೂ ಇರುವಂತಿಲ್ಲ, ಈ ಸಲ ಬಿಟ್ಟಿದ್ದೇನೆ, ಎಲ್ಲರೂ ಕಾರಿನಲ್ಲೇ ಕೂರಬೇಕು ಎಂದು ಸಮಾಧಾನದಿಂದ ತಿಳಿಸಿ ಹೋದ.

“ಕಾರಿನಲ್ಲೇ,” ಎಂದಳು ನಳಿನಿ. ಐದು ಬೆರಳು ಎತ್ತಿ ತೋರಿಸಿದಳು.

ಮಹಾಬಲೇಶ್ವರ ಮಾತಿಗೆ ತಪ್ಪುವವನಲ್ಲ. ಮೊಟ್ಟೆಯನ್ನು ಇರಣ್ಣನ ಮನೆಗೆ ಮುಟ್ಟಿಸಿ, ಕತ್ತಲಾಗುವ ಮುಂಚೆಯೇ ವ್ಯಾನಿನ ಅಂಗಡಿ ಸೇರಿ, ಕಾರಿನ ಕೀಲಿಕೈ ಮೇಜಿನ ಮೇಲಿಟ್ಟ. ಕಾರಿಗೆ ಏನಾದರೂ ತೊಂದರೆ ಇದೆಯೇ ಎಂದು ಅಂಗಡಿಯವನು ಕೇಳಿದ.

ಮಹಾಬಲೇಶ್ವರ ಎದೆ ಉಬ್ಬಿಸಿದ. “ತೊಂದರೆಯೇ? ಇವತ್ತು ಸಾಯಂಕಾಲ ಒಲೆ, ಹಾಸಿಗೆ, ಇಬ್ಬರು ಜನ ಸಮೇತ ಒಂದು ಮನೆಯನ್ನೇ ದಿಬ್ಬ ಹತ್ತಿಸಿದೆ!”

ಅಂಗಡಿಯಲ್ಲಿದ್ದ ಮೂವರು ಗಿರಾಕಿಗಳು ತಿರುಗಿ ನೋಡಿದರು. ದಿಬ್ಬದ ಕತೆಯನ್ನು ಅವನು ಇನ್ನೊಮ್ಮೆ, ವಿವರವಾಗಿ ಹೇಳಿದ. ಮುಗಿಸಿ ತಿರುಗುವಷ್ಟರಲ್ಲಿ, ಆ ಮೂವರಲ್ಲಿ ಒಬ್ಬ ಹೊರಗೆ ಹೋಗಿ ಕಾರಿನಲ್ಲಿ ಕೂತು, ತನ್ನ ಎತ್ತರಕ್ಕೆ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ.