ಸದ್ದು ಮಾಡದ ಕ್ಯಾಮೆರಾ

ಹೊಸ ವಸ್ತು ಕೊಂಡವನಿಗೆ ನಿಜವಾದ ಸುಖ ಸಿಗುವುದು ಅದನ್ನು ಬಳಸುವಾಗ ಅಲ್ಲ. ಹಳೆಯದನ್ನೇ ಹಿಡಿದುಕೊಂಡು ಕುಳಿತ ಒಬ್ಬ ಮನುಷ್ಯ ಕಣ್ಣೆದುರಿಗಿರಬೇಕು, ಅವನನ್ನು ನೋಡಿ ನಮಗೆ ಅಯ್ಯೋ ಪಾಪ ಅನ್ನಿಸಬೇಕು. ಆಗಲೇ ಆ ಸುಖ ಪೂರ್ತಿಯಾಗುವುದು. ಹೊಸ ಫ್ರಿಜ್ ತಂದವರು ಪಕ್ಕದ ಮನೆಯ ಮಡಕೆ ನೀರನ್ನು ಎಷ್ಟು ಪ್ರೀತಿಯಿಂದ ಹೊಗಳುತ್ತಾರೆ ಎಂಬುದನ್ನು ನೀವು ಕೇಳಿರಬಹುದು. ಆ ಹೊಗಳಿಕೆಯ ರುಚಿ ಮಡಕೆಯ ಮನೆಯವರಿಗೇ ಗೊತ್ತು. ನನ್ನ ಪಾಲಿಗೆ ಈ ಮಡಕೆಯ ಮನೆಯವನು ಮೊಯಿನುದ್ದೀನ್.

ನಾವಿಬ್ಬರೂ ಶಹಾಬಾದಿನ ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತೇವೆ. ನಾನು ಅರ್ಥಶಾಸ್ತ್ರ, ಅವನು ಕಾಮರ್ಸ್. ನನ್ನ ಹತ್ತಿರ ಬಹಳ ವರ್ಷಗಳಿಂದ ಒಂದು ದಪ್ಪನೆಯ ಡಿಜಿಟಲ್ ಕ್ಯಾಮೆರಾ ಇತ್ತು. ಒಳಗೆ ಕನ್ನಡಿಯಿದ್ದ ಜಾತಿ ಅದು. ಗುಂಡಿ ಒತ್ತಿದರೆ ಕನ್ನಡಿ ಮೇಲಕ್ಕೆ ಹಾರಿ ಮತ್ತೆ ಕೆಳಗೆ ಬೀಳುವಾಗ 'ಚಟಾಕ್' ಎಂದು ಸದ್ದು ಮಾಡುತ್ತಿತ್ತು. ತಗಡಿನ ಪೆಟ್ಟಿಗೆಯ ಮುಚ್ಚಳ ಹಾಕಿದಂಥ ಸದ್ದು. ಕಾಲೇಜಿನ ಸಮಾರಂಭ, ಓಣಿಯ ಮದುವೆ, ಯಾರದೋ ನಿವೃತ್ತಿ, ಎಲ್ಲಕ್ಕೂ ನಾನೇ ಆ ಕ್ಯಾಮೆರಾ ಹೊತ್ತು ಹೋಗುತ್ತಿದ್ದೆ. ಆಮೇಲೆ ಒಂದು ದಿನ ಅಂತರ್ಜಾಲದಲ್ಲಿ ಕೆಲವು ವಿಡಿಯೊ ನೋಡಿದೆ. ಅವುಗಳಲ್ಲಿ ಮಾತಾಡುವವರೆಲ್ಲ, ಕನ್ನಡಿ ಇರುವ ಕ್ಯಾಮೆರಾ ಇನ್ನೂ ಬಳಸುವವರ ಬಗ್ಗೆ ತೀರಿಹೋದವರ ಬಗ್ಗೆ ಮಾತಾಡುವಷ್ಟು ಗೌರವದಿಂದ ಮಾತಾಡುತ್ತಿದ್ದರು. ಕೂಡಲೇ ಹಳೆಯದನ್ನು ಮೊಯಿನ್‌ಗೆ ದಾಟಿಸಿ, ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾ ತರಿಸಿದೆ.

ಹೆಂಡತಿ ಮಹಾದೇವಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

"ಇದರಾಗ ಏನು ಹೆಚ್ಚಿಂದ ಅದ?"

"ಇದರಾಗ ಕನ್ನಡಿ ಇಲ್ಲ," ಎಂದೆ ಹೆಮ್ಮೆಯಿಂದ.

"ಅಂದ್ರ ಒಂದು ಸಾಮಾನು ಕಮ್ಮಿ ಇದ್ದಿದ್ದು ತಂದೀರಿ. ಫ್ಲಾಶ್ ಎಲ್ಲದ?"

ಫ್ಲಾಶೂ ಇರಲಿಲ್ಲ. ಹಳೆಯದರಲ್ಲಿ ಅದು ಕಪ್ಪೆ ತಲೆಯೆತ್ತಿದಂತೆ ಟಪ್ಪನೆ ಎದ್ದು ನಿಲ್ಲುತ್ತಿತ್ತು. ಒಳ್ಳೆಯ ಕ್ಯಾಮೆರಾಗಳಿಗೆ ಅದು ಬೇಕಾಗುವುದಿಲ್ಲ, ಇರುವ ಬೆಳಕಿನಲ್ಲೇ ಅವು ತೆಗೆಯುತ್ತವೆ ಎಂದು ಅರ್ಧ ತಾಸು ವಿವರಿಸಿದೆ. ಆಕೆ ರಾವೂರಿನ ಸರಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಉತ್ತರ ಗೊತ್ತಿಲ್ಲದ ಮಕ್ಕಳು ಬಹಳ ಮಾತಾಡುತ್ತಾರೆ ಎಂಬುದು ಆಕೆಗೆ ದಿನನಿತ್ಯದ ಅನುಭವ. ಕೊನೆಗೆ ಆಕೆಯನ್ನು ಕಿಟಕಿಯ ಪಕ್ಕ ಕೂರಿಸಿ ಒಂದು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಒಂದೊಂದು ಬಿಳಿಗೂದಲೂ ಬೇರೆಬೇರೆಯಾಗಿ ಕಾಣುತ್ತಿತ್ತು. ಕಣ್ಣಿನ ಕೆಳಗಿನ ಗೆರೆಗಳು ಶಹಾಬಾದಿನ ಕಲ್ಲುಗಣಿಯ ಪದರುಗಳಂತೆ ಸ್ಪಷ್ಟವಾಗಿದ್ದವು. ನಾನು ಆ ಸ್ಪಷ್ಟತೆಯನ್ನು ಬಾಯಿತುಂಬ ಹೊಗಳಿದೆ. ಆಕೆ ಬಹಳ ಹೊತ್ತು ನೋಡಿ, "ಇದು ಫೋಟೋ ಅಲ್ಲ, ಸ್ಕ್ಯಾನಿಂಗ್ ರಿಪೋರ್ಟ್. ಡಾಕ್ಟರಿಗಿ ತೋರಸ್ರಿ," ಎಂದು ಎದ್ದು ಹೋದಳು.

ಮನೆಯಲ್ಲಿ ಸಿಗದ ಗೌರವ ಹೊರಗೆ ಸಿಗಲಿ ಎಂದು ಭಾನುವಾರಗಳಂದು ಮೊಯಿನ್‌ನನ್ನು ಕಟ್ಟಿಕೊಂಡು ಊರೂರು ಸುತ್ತತೊಡಗಿದೆ. ಒಂದೇ ದೃಶ್ಯವನ್ನು ಇಬ್ಬರೂ ತೆಗೆಯುವುದು, ಆಮೇಲೆ ಅವನದು ಏಕೆ ಕಳಪೆ ಎಂದು ನಾನು ಹೇಳುವುದು, ಇಷ್ಟೇ ನಮ್ಮ ಕಾರ್ಯಕ್ರಮ. ದಂಡೋತಿಯಲ್ಲಿ ಕಾಗಿಣಾ ಹೊಳೆಯಲ್ಲಿ ಎಮ್ಮೆಗಳು ಮುಳುಗಿ ಕುಳಿತಿದ್ದವು. ನನ್ನ ಕ್ಯಾಮೆರಾ ಪ್ರಾಣಿಗಳ ಕಣ್ಣನ್ನು ತಾನೇ ಹುಡುಕಿ ಅದರ ಸುತ್ತ ಹಸಿರು ಚೌಕ ಹಾಕುತ್ತದೆ. ನಾನು ಅದನ್ನು ಮೊಯಿನ್‌ಗೆ ತೋರಿಸಿದೆ. ಅವನು ಚೌಕವನ್ನೂ ಎಮ್ಮೆಯನ್ನೂ ಸರದಿಯಂತೆ ನೋಡಿದ.

"ಎಮ್ಮಿ ಕಣ್ಣ ಹುಡುಕಾಕ ಮಷೀನ್ ಯಾಕ ಬೇಕು ಸರಾ? ಅದರ ಮಾರಿ ಮ್ಯಾಲೇ ಇರ್ತಾವಲ್ಲ."

ಕಾಮರ್ಸ್ ಓದಿದವರ ಜೊತೆ ಕಲೆಯ ಮಾತಾಡುವುದು ಕಷ್ಟ. ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯಲ್ಲೂ ಹೀಗೇ ಆಯಿತು. ಅಲ್ಲಿ ಮನುಷ್ಯ, ಕಲ್ಲು, ಬೇವಿನ ಗಿಡ ಎಲ್ಲವೂ ಒಂದೇ ಬಿಳಿ ಧೂಳಿನ ಬಣ್ಣ. ನನ್ನ ಕ್ಯಾಮೆರಾ ಗಾಳಿಯಲ್ಲಿದ್ದ ಒಂದೊಂದು ಧೂಳಿನ ಕಣವನ್ನೂ ಹಿಡಿಯಿತು. ಮೊಯಿನ್ ತೆಗೆದದ್ದರಲ್ಲಿ ಧೂಳು ಸರಿಯಾಗಿ ಬಂದಿರಲಿಲ್ಲ, ಬರೀ ಕೆಲಸಗಾರರು ನಗುತ್ತಿರುವುದು ಬಂದಿತ್ತು. 'ಚಟಾಕ್' ಸದ್ದು ಕೇಳಿ ಅವರು ಇವನ ಕಡೆಗೇ ತಿರುಗಿದ್ದರು. ನಾನು ತೆಗೆದಾಗ ಯಾರಿಗೂ ಗೊತ್ತೇ ಆಗಿರಲಿಲ್ಲ. "ಇದಕ್ಕೇ ಸೈಲೆಂಟ್ ಶಟರ್ ಅನ್ನುವುದು. ಜನರ ಸಹಜ ಭಾವ ಕೆಡುವುದಿಲ್ಲ," ಎಂದೆ. ನನ್ನ ಚಿತ್ರದಲ್ಲಿ ಆ ಸಹಜ ಭಾವದ ಒಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು.

ಹೀಗಿರುವಾಗ ಚಿತ್ತಾಪುರದ ಒಂದು ಸಂಘದವರು ಮಹಾದೇವಿಗೆ ಸನ್ಮಾನ ಮಾಡುವುದಾಗಿ ತಿಳಿಸಿದರು. ಇದು ಸುಮ್ಮನೆ ಸಿಕ್ಕ ಶಾಲಲ್ಲ. ಆಕೆ ವರ್ಷಗಟ್ಟಲೆ ವಾಡಿಯವರೆಗೆ ರೈಲಿನಲ್ಲಿ, ಅಲ್ಲಿಂದ ಆಟೋದಲ್ಲಿ ರಾವೂರಿಗೆ ಹೋಗಿಬಂದವಳು. ಶಾಲೆ ಬಿಟ್ಟು ಕಲ್ಲುಗಣಿಗೆ ಹೊರಟ ಹುಡುಗಿಯರ ಮನೆಗೆ ಹೋಗಿ, ತಾಯಂದಿರ ಜೊತೆ ಜಗಳಾಡಿ, ಮತ್ತೆ ಬೆಂಚಿನ ಮೇಲೆ ತಂದು ಕೂರಿಸಿದವಳು. ಸುದ್ದಿ ಕೇಳಿ ಸೇಡಂನಿಂದ ನಮ್ಮ ಅತ್ತೆ ಬಂದಿಳಿದರು. ಮಗಳನ್ನು ಶಿಕ್ಷಕಿಯ ತರಬೇತಿಗೆ ಕಳಿಸುವಾಗ ಅವರು ಬೇಡವೆಂದ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟಿದ್ದರಂತೆ. ಬಂದವರೇ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಅಳಿಯಾರ, ನಂದೊಂದು ಆಸೆ ಅದರಿ. ಆಕಿ ಶಾಲು ಹೊದ್ಕೊಂಡಿದ್ದು ಒಂದು ಫೋಟೋ ಬೇಕು. ದೊಡ್ಡದು ಮಾಡ್ಸಿ ಪಡಸಾಲ್ಯಾಗ ಹಾಕ್ತೀನಿ. ಬಂದವರು ಹೋದವರು ನೋಡ್ಲಿ."

"ಅತ್ತಿ, ಅದರ ಚಿಂತಿ ನನಗ ಬಿಡ್ರಿ. ಹಂಥಾ ಫೋಟೋ ಸೇಡಂದಾಗ ಯಾರ ಮನ್ಯಾಗೂ ಇರಬಾರ್ದು," ಎಂದೆ.

ಮಹಾದೇವಿ ಸೀರೆಗೆ ಇಸ್ತ್ರಿ ಹಾಕುತ್ತ, "ಮೊಯಿನ್ ಸರ್‌ಗೂ ಕ್ಯಾಮೆರಾ ತರಾಕ ಹೇಳ್ರಿ," ಎಂದಳು, ತಲೆಯೆತ್ತದೆ. ನನಗೆ ಅವಮಾನವಾಯಿತು. ಆದರೂ ಹೇಳಿದೆ. ಹೋಲಿಸಲು ಒಂದು ಕೆಟ್ಟ ಚಿತ್ರವೂ ಇರಲಿ ಎಂಬುದು ನನ್ನ ಲೆಕ್ಕವಾಗಿತ್ತು.

ನಮ್ಮ ಕಡೆಯ ಸನ್ಮಾನದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಮಾಲೆ ಹಾಕುವವರು, ಹಾಕಿಸಿಕೊಳ್ಳುವವರು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಇಬ್ಬರೂ ಕ್ಯಾಮೆರಾ ನೋಡುತ್ತಾರೆ. ಮಾಲೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಸುತ್ತ ಇರುವ ಹತ್ತಾರು ಜನ ಆ ಮಾಲೆಗೆ ಒಂದೊಂದು ಬೆರಳು ತಾಗಿಸಿ ತಾವೂ ಸನ್ಮಾನ ಮಾಡುತ್ತಿರುವಂತೆ ನಿಲ್ಲುತ್ತಾರೆ. ಕ್ಯಾಮೆರಾ ಸದ್ದು ಮಾಡಿದ ಮೇಲೆಯೇ ಮಾಲೆ ಕೊರಳಿಗೆ ಬೀಳುವುದು. ಸದ್ದು ಬರದಿದ್ದರೆ ಸನ್ಮಾನ ಆಗಿಲ್ಲವೆಂದೇ ಅರ್ಥ. ಇಷ್ಟು ವರ್ಷ ಇಂಥ ಸಮಾರಂಭಗಳಲ್ಲಿ ಓಡಾಡಿದ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹೊಸ ಕ್ಯಾಮೆರಾ ಕೈಯಲ್ಲಿದ್ದಾಗ ಗೊತ್ತಿದ್ದ ಸಂಗತಿಗಳು ಹಿಂದಕ್ಕೆ ಸರಿಯುತ್ತವೆ.

ಚಿತ್ತಾಪುರದ ಕಲ್ಯಾಣ ಮಂಟಪದ ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅದರ ತುಂಬ ಮುಖಂಡರು, ಮುಖಂಡರ ಮಕ್ಕಳು, ಮುಂದೆ ಮುಖಂಡರಾಗಲಿರುವವರು, ಎಲ್ಲರೂ ಬಿಳಿ ಹಲ್ಲು ತೋರಿಸಿ ನಗುತ್ತಿದ್ದರು. ಸನ್ಮಾನಿತರ ಹೆಸರುಗಳು ಅವರ ಕಾಲ ಬುಡದಲ್ಲಿ ಇರುವೆಯ ಸಾಲಿನಂತಿದ್ದವು. ಮೇಲಿನಿಂದ ಎಲ್‌ಇಡಿ ದೀಪಗಳು. ಮುಖ್ಯ ಅತಿಥಿಗಳು ದಪ್ಪನೆಯ ವ್ಯಕ್ತಿ, ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಶಿಕ್ಷಕರ ತ್ಯಾಗದ ಬಗ್ಗೆ ಅವರು ಬಹಳ ಹೊತ್ತು ಮಾತಾಡಿದರು. ಮುಂದಿನ ಸಾಲಿನ ಶಿಕ್ಷಕರು ಅಷ್ಟೂ ಹೊತ್ತು ಕೂತು ತ್ಯಾಗ ಮಾಡಿದರು.

ಮಹಾದೇವಿಯ ಹೆಸರು ಕರೆದಾಗ ನಾನು ವೇದಿಕೆಯ ಮೂಲೆ ಹಿಡಿದೆ. ಮೊಯಿನ್ ಕೆಳಗೆ, ಅತ್ತೆ ಕುಳಿತಿದ್ದ ಮುಂದಿನ ಸಾಲಿನ ಪಕ್ಕದಲ್ಲಿದ್ದ. ಸಾಹೇಬರು ಶಾಲು ಬಿಡಿಸಿ, ಆಕೆಯ ಹೆಗಲಿಗಿಂತ ಒಂದು ಗೇಣು ಮೇಲೆ ಹಿಡಿದು, ನನ್ನ ಕಡೆ ತಿರುಗಿ ನಕ್ಕರು. ನಾನು ಗುಂಡಿ ಒತ್ತಿದೆ. ಒತ್ತುತ್ತಲೇ ಇದ್ದೆ. ಸಾಹೇಬರು ನಗುತ್ತಲೇ ಇದ್ದರು. ಶಾಲು ಕೆಳಗಿಳಿಯಲಿಲ್ಲ.

"ಹೊಡೀರಿ," ಎಂದರು, ಹಲ್ಲು ಬಿಚ್ಚದೆ.

"ಹೊಡ್ದೀನ್ರಿ ಸಾಹೇಬ್ರ."

"ಆವಾಜೇ ಬರ್ಲಿಲ್ಲಲ್ಲ."

"ಇದು ಸೈಲೆಂಟ್ ಅದರಿ."

"ಸೈಲೆಂಟ್ ಅಂದ್ರ ಬಂದ್ ಬಿದ್ದದೇನು?" ಎಂದು ಅವರು ಸಂಘದ ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ನನ್ನ ಕಡೆ ನೋಡಿದರು. ಶಾಲು ಎತ್ತಿ ಹಿಡಿದ ಸಾಹೇಬರ ಕೈ ಸೋಲತೊಡಗಿತ್ತು. ಮಹಾದೇವಿ ಇನ್ನೂ ಬೀಳದ ಶಾಲಿನ ಕೆಳಗೆ, ಮಳೆಗೆ ಛತ್ರಿ ಹಿಡಿದವರ ಪಕ್ಕದಲ್ಲಿ ನಿಂತಂತೆ ನಿಂತಿದ್ದಳು. ಸದ್ದು ಬರಿಸಿದರೆ ಸಾಕೆಂದು ನಾನು ಸಾಹೇಬರ ಕಣ್ಣು ತಪ್ಪಿಸಿ, ಸಭೆಯ ಕಡೆ ತಿರುಗಿ ಕ್ಯಾಮೆರಾದ ಮೆನು ತೆರೆದೆ. ಅದರಲ್ಲಿ ಒಂದರೊಳಗೊಂದು ಪುಟಗಳು. ಎಮ್ಮೆಯ ಕಣ್ಣು, ಹಕ್ಕಿಯ ಕಣ್ಣು, ವಿಮಾನ, ರೈಲು ಎಲ್ಲವೂ ಸಿಕ್ಕವು, ಸದ್ದು ಸಿಗಲಿಲ್ಲ. ತಲೆ ಬಗ್ಗಿಸಿ ಹುಡುಕುತ್ತಿದ್ದಂತೆ ಕೆಳಗಿನಿಂದ 'ಚಟಾಕ್' ಎಂಬ ಸದ್ದು, ಜೊತೆಗೆ ಕಣ್ಣು ಕುಕ್ಕುವ ಫ್ಲಾಶ್. ಸಭೆ ಚಪ್ಪಾಳೆ ತಟ್ಟಿತು. ಶಾಲು ಹೆಗಲಿಗೆ ಬಿತ್ತು. ನಾನು ತಲೆಯೆತ್ತುವ ಹೊತ್ತಿಗೆ ಮಹಾದೇವಿ ಮೆಟ್ಟಿಲು ಇಳಿಯುತ್ತಿದ್ದಳು.

ಆದರೂ ನಾನು ಧೈರ್ಯ ಬಿಟ್ಟಿರಲಿಲ್ಲ. ಸದ್ದಿಲ್ಲದೆಯೇ ರಾಶಿ ಚಿತ್ರ ತೆಗೆದಾಗಿತ್ತಲ್ಲ. ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲೇ ಕಂಪ್ಯೂಟರಿಗೆ ಹಾಕಿದೆ. ಅತ್ತೆ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಂಡರು. ಮೊದಲ ಚಿತ್ರ ಬಂತು. ಎಲ್‌ಇಡಿ ದೀಪದ ಕೆಳಗೆ ಸೈಲೆಂಟ್ ಶಟರ್ ಬಳಸಿದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತವೆ ಎಂಬುದನ್ನು ಆ ವಿಡಿಯೊದವರು ಯಾರೂ ನನಗೆ ಹೇಳಿರಲಿಲ್ಲ, ಅಥವಾ ಹೇಳುವ ಮೊದಲೇ ನಾನು ಕ್ಯಾಮೆರಾ ತರಿಸಿದ್ದೆ. ಸಾಹೇಬರ ಮುಖದ ಮೇಲೆ, ಶಾಲಿನ ಮೇಲೆ, ಎಲ್ಲೆಲ್ಲೂ ಕಪ್ಪು ಪಟ್ಟೆಗಳು. ಅದನ್ನಾದರೂ ಸಹಿಸಬಹುದಿತ್ತು. ಕಣ್ಣು ಹುಡುಕುವ ನನ್ನ ಕ್ಯಾಮೆರಾ ಅಷ್ಟು ದೊಡ್ಡ ವೇದಿಕೆಯಲ್ಲಿ ಅತಿ ದೊಡ್ಡ ಕಣ್ಣುಗಳನ್ನೇ ಹುಡುಕಿಕೊಂಡಿತ್ತು. ಫ್ಲೆಕ್ಸಿನ ಮೇಲಿನ ಮುಖಂಡರ ಒಂದೊಂದು ರೆಪ್ಪೆಗೂದಲೂ ಎಣಿಸುವಂತಿತ್ತು. ಅವರ ಮುಂದೆ ನಿಂತಿದ್ದ ಜೀವಂತ ಮನುಷ್ಯರು ಮಂಜಾಗಿದ್ದರು. ಎರಡನೆಯದೂ ಹಾಗೇ, ಉಳಿದವೂ ಹಾಗೇ.

ಅತ್ತೆ ಪರದೆಯ ಹತ್ತಿರ ಮುಖ ತಂದರು.

"ಇದರಾಗ ನಮ್ಮ ಮಾದೇವಿ ಎಲ್ಲಿ ಇದ್ದಾಳ್ರಿ?"

ನಾನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ತಪ್ಪು ತಮ್ಮ ಕಣ್ಣಿನದೇ ಎಂದುಕೊಂಡಿದ್ದರು. ಮಹಾದೇವಿ ಬೈಯಲಿಲ್ಲ. ಶಾಲನ್ನು ಮಡಚಿ ಕಪಾಟಿನಲ್ಲಿಟ್ಟು, "ಅವ್ವಾ, ಊಟಕ್ಕ ಏಳು," ಎಂದಳು. ಬೈದಿದ್ದರೆ ಸೈಲೆಂಟ್ ಶಟರಿನ ತಾಂತ್ರಿಕ ಕಾರಣಗಳನ್ನು ವಿವರಿಸಬಹುದಿತ್ತು.

ಮರುದಿನ ಸಂಜೆ ಮೊಯಿನ್ ಬಂದ. ಕೈಯಲ್ಲಿ ಒಂದು ದೊಡ್ಡ ಲಕೋಟೆ. "ಭಾಬಿ, ಕಲಬುರಗಿಗಿ ಹೋಗಿದ್ದೆ, ಪ್ರಿಂಟ್ ಹಾಕ್ಸಿನಿ. ನೋಡ್ರಿ, ಹೆಂಗ ಬಂದದೋ," ಎಂದ. ನಾನು ಆಕೆಗಿಂತ ಮುಂಚೆಯೇ ಕೈ ಚಾಚಿ ಇಸಿದುಕೊಂಡೆ. ತಪ್ಪುಗಳು ಒಂದೇ ನೋಟಕ್ಕೆ ಸಿಕ್ಕವು. ಚಿತ್ರ ಸ್ವಲ್ಪ ವಾಲಿತ್ತು. ಫ್ಲಾಶಿನ ಬೆಳಕಿಗೆ ಸಾಹೇಬರ ಹಣೆ ಪಾಲಿಶ್ ಕಲ್ಲಿನಂತೆ ಹೊಳೆಯುತ್ತಿತ್ತು. ಹಿಂದಿನ ಮುಖಂಡರೆಲ್ಲ ಕತ್ತಲಲ್ಲಿ ಮುಳುಗಿದ್ದರು. ನಡುವೆ ಮಹಾದೇವಿ, ಬಾಯಿಗೆ ಬಂದ ನಗೆಯನ್ನು ತಡೆಯಲಾಗದೆ, ಕೆಳಗೆ ಕುಳಿತ ತಾಯಿಯ ಕಡೆ ನೋಡುತ್ತಿದ್ದಳು. ಅಂಥ ನಗೆ ನಾನು ನಮ್ಮ ಮದುವೆಯ ಚಿತ್ರಗಳಲ್ಲೂ ನೋಡಿರಲಿಲ್ಲ. ಅತ್ತೆ ಆ ಚಿತ್ರ ತೆಗೆದುಕೊಂಡು ಎದೆಗೊತ್ತಿಕೊಂಡರು. ವಾಲಿರುವುದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿಕೊಡುತ್ತೇನೆ ಎಂದೆ. ಯಾರೂ ಚಿತ್ರ ಕೊಡಲಿಲ್ಲ.

ಹೋದ ತಿಂಗಳು ಸೇಡಂಗೆ ಹೋಗಿದ್ದೆವು. ಪಡಸಾಲೆಯ ಬಾಗಿಲಿನ ಎದುರಿಗೇ ಚೌಕಟ್ಟು ಹಾಕಿಸಿದ ಚಿತ್ರ. ಮಾತಾಡಿಸಲು ಬಂದ ದೂರದ ಸಂಬಂಧಿಯೊಬ್ಬರು ಅದರ ಮುಂದೆ ನಿಂತು ನೋಡಿದರು. ಮಹಾದೇವಿಯನ್ನು ಹೊಗಳಿದರು, ಸಾಹೇಬರನ್ನು ಗುರುತಿಸಿದರು. ಆಮೇಲೆ ಎಡಗಡೆಯ ಮೂಲೆಗೆ ಬೆರಳಿಟ್ಟರು. ಅಲ್ಲಿ ಒಬ್ಬ ಮನುಷ್ಯ ಸನ್ಮಾನದ ಕಡೆಗೆ ಬೆನ್ನು ಮಾಡಿ, ತಲೆ ಬಗ್ಗಿಸಿ, ಕೈಯಲ್ಲಿದ್ದ ಏನನ್ನೋ ಒತ್ತುತ್ತ ನಿಂತಿದ್ದ. ಮುಖ ಕಾಣುತ್ತಿರಲಿಲ್ಲ, ನೆತ್ತಿಯ ಬೋಳು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

"ಇಂವ ಯಾರು? ಇಂಥಾ ಹೊತ್ತಿನಾಗ ಮೊಬೈಲ್ ನೋಡ್ಕೋತ ನಿಂತಾನಲ್ಲ."

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಅತ್ತೆ ನನ್ನ ಮರ್ಯಾದೆ ಉಳಿಸಲು ಅವಸರದಿಂದ, "ಅಂವ ಫೋಟೋ ತೆಗ್ಯಾಂವ್ರಿ. ಸಂಘದವರು ಕರ್ಸಿದ್ರು," ಎಂದರು.

"ಫೋಟೋ ತೆಗ್ಯಾಂವ ಹಿಂಗ ನಿಂತ್ರ ಹೆಂಗ? ಇಂವನ ಮನ್ಯಾಕಿ ಹೆಂಗ ಬಾಳೇ ಮಾಡ್ತಾಳೋ ಏನೋ."

"ಆಕಿಗಿ ರೂಢಿ ಆಗ್ಯಾದ್ರಿ ಕಾಕಾ," ಎಂದಳು ಮಹಾದೇವಿ, ಅವರಿಗೆ ಚೂಡಾ ಅವಲಕ್ಕಿಯ ತಟ್ಟೆ ಕೊಡುತ್ತ. ನಾನೂ ತಲೆಯಾಡಿಸಿ, ಪಾಪ, ಆ ಹೆಣ್ಣುಮಗಳು ಯಾರೋ ಏನೋ ಎಂದೆ.