ಅಟ್ಟದ ಮೇಲೆ ಪವಡಿಸಿರುವ ಮರ ಕೊಯ್ಯುವ ಮಿಷನ್ನಿನವರ ಸನ್ನಿಧಿಗೆ

ಮಾನ್ಯರೇ,

ಹೊಸದುರ್ಗ ತಾಲ್ಲೂಕು ಶ್ರೀರಾಂಪುರದ ಪಕ್ಕದ ಹಟ್ಟಿಯಲ್ಲಿ ಕುರಿ ಸಾಕಿಕೊಂಡಿರುವ ಚಿತ್ರಲಿಂಗಪ್ಪನು, ಅಟ್ಟದ ಏಣಿಯ ಬುಡದಲ್ಲಿ ನಿಂತು, ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಕೆಳಗಿಳಿಯುವವರಿಗೆ ಕ್ಷೇಮಕ್ಕೇನು ಕಡಿಮೆ. ಕೆಟ್ಟಿರುವುದು ನಮ್ಮ ಕ್ಷೇಮ, ಅದನ್ನು ನಾಲ್ಕು ಜನರ ಮುಂದೆ ಅರಿಕೆ ಮಾಡಿಕೊಳ್ಳಲೆಂದೇ ಈ ಬಹಿರಂಗ ಪತ್ರ.

ಕಳೆದ ಆಯುಧ ಪೂಜೆಯಲ್ಲಿ ನಾನು ತಮಗೆ ಮಾಡಿದ ಮರ್ಯಾದೆಯಲ್ಲಿ ಏನು ಕೊರತೆಯಾಗಿತ್ತು ಸ್ವಾಮಿ? ಪೂಜೆಗೆ ಕೂತವರ ಹೊಟ್ಟೆ ಖಾಲಿ ಇರಬಾರದೆಂದು ಟ್ಯಾಂಕಿನ ಕಂಠದವರೆಗೆ ಪೆಟ್ರೋಲ್ ಕುಡಿಸಿದೆ. ಚೈನಿಗೆ ನೀರಲ್ಲಿ ಕಲಸಿದ ವಿಭೂತಿ, ಕುಂಕುಮ ಬಳಿದೆ. ದೃಷ್ಟಿ ತಗಲದಿರಲೆಂದು ಹಲ್ಲಿಗೆ ನಿಂಬೆಹಣ್ಣು ಚುಚ್ಚಿ ಹಾಗೇ ಬಿಟ್ಟು, ಚಳಿಯಾದೀತೆಂದು ಯೂರಿಯಾ ಚೀಲ ಹೊದಿಸಿ ಅಟ್ಟಕ್ಕೇರಿಸಿದೆ. ನನ್ನ ಮದುವೆಯಲ್ಲಿ ನನಗೇ ಇಷ್ಟು ಉಪಚಾರ ನಡೆದಿರಲಿಲ್ಲ.

ಬೇಸಿಗೆಯ ಗಾಳಿಗೆ ಬೇವಿನ ಮರದ ಕೊಂಬೆ ಮುರಿದು ಕುರಿಮರಿಗಳ ಕಲ್ಲುಗೂಡಿನ ಬಾಗಿಲಿಗೆ ಅಡ್ಡ ಬಿದ್ದಾಗ, ಮರಿಗಳು ಒಳಗೆ, ಕೆಚ್ಚಲು ಬಿಗಿದ ತಾಯಿಗಳು ಹೊರಗೆ. ಗೋಡೆ ಕೀಳೋಣವೆಂದರೆ ಮೇಲಿನ ಚಪ್ಪಡಿ ಮರಿಗಳ ಮೇಲೇ ಕುಸಿಯುವ ಭಯ. ಹಟ್ಟಿಯವರೆಲ್ಲ ಕೊಡಲಿ ಹಿಡಿದು ಬಂದರೆ, ನಮ್ಮಲ್ಲಿ ಮಿಷನ್ ಇರುವಾಗ ಇವೆಲ್ಲ ಯಾಕೆಂದು ನಾನೇ ಅವರನ್ನು ವಾಪಸು ಕಳಿಸಿದೆ. ಆಮೇಲೆ ರಟ್ಟೆ ಬೀಳುವವರೆಗೆ ತಮ್ಮನ್ನು ಎಬ್ಬಿಸುವ ಹಗ್ಗ ಎಳೆದೆ. ತಾವು ಒಂದು ಸಲ ಕೆಮ್ಮಿ, ದೊಡ್ಡ ಮನುಷ್ಯರ ಹಾಗೆ ಗಂಭೀರವಾಗಿ ಸುಮ್ಮನಾದಿರಿ. ಹಿಂದಿನ ದಿನವಷ್ಟೇ ಹುಟ್ಟಿದ್ದ ಒಂದು ಮರಿ ಅರಚುವುದನ್ನೂ ನಿಲ್ಲಿಸಿದಾಗ ನಾನು ಇನ್ನೂ ಹಗ್ಗ ಎಳೆಯುತ್ತಲೇ ಇದ್ದೆ. ಕೊನೆಗೆ ನಮ್ಮಕ್ಕ ಸಿದ್ದಕ್ಕ ಸೆರಗು ಸಿಕ್ಕಿಸಿ, ತನ್ನ ಹಳೇ ಕೊಡಲಿಯಿಂದ ಕೊಂಬೆ ಕಡಿದು, ಆ ಮರಿಯನ್ನು ಎತ್ತಿ ತಾಯಿಯ ಕೆಚ್ಚಲಿಗೆ ಹಿಡಿದಳು. ಅದು ಚೀಪತೊಡಗಿದ ಮೇಲೆ ನಾನು ಕೂತುಬಿಟ್ಟೆ.

ಹೊಸದುರ್ಗದ ಮೆಕ್ಯಾನಿಕ್ ಶಾಕಿರ್ ತಮ್ಮನ್ನು ಬಿಚ್ಚಿ, ಹಳೇ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರ್ ಕಟ್ಟಿದೆ, ನಿಂಬೆರಸಕ್ಕೆ ಚೈನು ತುಕ್ಕು ಹಿಡಿದಿದೆ ಎಂದರು. ಅಪರೂಪಕ್ಕೆ ಬಳಸುವವರು ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಚೈನು ಒರೆಸಿ ಎಣ್ಣೆ ಸವರಿ, ಗೊಬ್ಬರದ ಚೀಲದಿಂದ ದೂರ, ಒಣ ಜಾಗದಲ್ಲಿ ಇಡಬೇಕಂತೆ. ಇಷ್ಟೆಲ್ಲ ಗೊತ್ತಿದ್ದೂ ತಾವು ಬಾಯಿ ಬಿಡಲಿಲ್ಲವಲ್ಲ, ಇದು ನ್ಯಾಯವೇ?

ಆದಕಾರಣ ಇನ್ನು ಮುಂದೆ ಪೂಜೆ ಮುಗಿದೊಡನೆ ತಾವೇ ಪೆಟ್ರೋಲ್ ಕಕ್ಕಿಕೊಂಡು, ಮೈಗೆ ಎಣ್ಣೆ ಹಚ್ಚಿಕೊಂಡು, ನಿಂಬೆಹಣ್ಣು ಹತ್ತಿರ ಬಂದರೆ ಹಲ್ಲು ಮುಚ್ಚಿಕೊಂಡು, ಆಗಾಗ ಏಣಿಯಿಳಿದು ಬಂದು ಒಮ್ಮೆ ಗಂಟಲು ಸರಿಮಾಡಿಕೊಂಡು ಹೋಗಬೇಕಾಗಿ ಪ್ರಾರ್ಥನೆ. ಈ ಪ್ರಾರ್ಥನೆಯನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ತಮ್ಮ ಪರವಾಗಿಯೇ ಮಾತಾಡಿದಳು:

“ಲೇ, ಅದನ್ಯಾಕೆ ಬೈತೀಯ? ಹೊಟ್ಟೆ ತುಂಬ ಉಣ್ಣಾಕಿಕ್ಕಿ ಆರು ತಿಂಗ್ಳು ಚೀಲ ಹೊದ್ಸಿ ಮಲಗ್ಸಿದ್ರೆ, ನೀನಾದ್ರೂ ಎದ್ದೇಳ್ತಿದ್ದೇನಪ್ಪ?”

ಒಡಹುಟ್ಟಿದವಳೇ ಹೀಗೆಂದ ಮೇಲೆ ನಾನು ಇನ್ಯಾರಿಗೆ ದೂರಲಿ?

ಇಂತಿ, ಹಗ್ಗ ಎಳೆದೆಳೆದು ಬಲಗೈ ಎತ್ತಲಾಗದೆ ಎಡಗೈಯಲ್ಲಿ ರುಜು ಹಾಕಿರುವ,
ತಮ್ಮ ವಿಶ್ವಾಸಿ,
ಚಿತ್ರಲಿಂಗಪ್ಪ

ವಿ.ಸೂ.: ರಿಪೇರಿಯಾಗಿ ಬಂದ ದಿನ ತಾವು ಒಂದೇ ಎಳೆತಕ್ಕೆ ಗುಡುಗಿದ್ದು ಇಡೀ ಹಟ್ಟಿಗೆ ಕೇಳಿಸಿತು, ಸಂತೋಷ. ಅಷ್ಟರಲ್ಲಿ ಆ ಕೊಂಬೆ ನಮ್ಮ ಒಲೆಯಲ್ಲಿ ಬೂದಿಯಾಗಿತ್ತು. ಈ ಸಲದ ಆಯುಧ ಪೂಜೆಯಲ್ಲಿ ತಮ್ಮ ಜಾಗದಲ್ಲಿ ಅಕ್ಕನ ಕೊಡಲಿ ಕೂರುತ್ತದೆ. ಅದಕ್ಕೂ ಪೆಟ್ರೋಲ್ ಕುಡಿಸಬೇಡವೆಂದು ಅವಳು ನನಗೆ ಈಗಲೇ ಹೇಳಿಟ್ಟಿದ್ದಾಳೆ.